ಉಜ್ಜೋ ಸಿಸ್ಟರ್ ಕೈ ಕಟ್ಟಿ ನಿಂತಿದ್ದು

ನನ್ನ ಅಕ್ಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ‘ಉಜ್ಜೋ ಸಿಸ್ಟರ್’ ಎಂದು. ಹೆಡ್ ನರ್ಸ್ ಆದಮೇಲೂ ಈ ಬಿರುದು ಹೋಗಲಿಲ್ಲ. ಮಲಗಿದಲ್ಲೇ ಇರುವ ರೋಗಿಗಳ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಪೌಡರ್ ಉದುರಿಸಿ, ಚರ್ಮ ಕೆಂಪಾದ ಕಡೆ ಇನ್ನಷ್ಟು ಒತ್ತಿ ಉಜ್ಜುವುದರಲ್ಲಿ ಅವಳದು ಎತ್ತಿದ ಕೈ. ಉಜ್ಜಿದರೆ ರಕ್ತ ಓಡುತ್ತದೆ, ಹಾಸಿಗೆ ಹುಣ್ಣು ಆಗುವುದಿಲ್ಲ ಎಂದು ಅವಳಿಗೆ ಹಿರಿಯರು ಕಲಿಸಿದ್ದರು. ಆದರೂ ಯಾರಿಗಾದರೂ ಹುಣ್ಣಾದರೆ, ಸರಿಯಾಗಿ ಉಜ್ಜಿಲ್ಲವೆಂದು ಕಿರಿಯ ನರ್ಸುಗಳಿಗೆ ಮಂಗಳಾರತಿ ಆಗುತ್ತಿತ್ತು.

ಹೊಸದಾಗಿ ಸೇರಿದ ನರ್ಸೊಬ್ಬಳು ಒಂದು ಸಂಶೋಧನಾ ಲೇಖನ ತಂದು ಅವಳ ಮೇಜಿನ ಮೇಲಿಟ್ಟಳು. ಕೆಂಪಾದ ಜಾಗದಲ್ಲಿ ಒಳಗಿನ ಮಾಂಸ ಆಗಲೇ ನೊಂದಿರುತ್ತದೆ, ಉಜ್ಜಿದರೆ ಇನ್ನಷ್ಟು ಕೆಡುತ್ತದೆ, ಮಗ್ಗುಲು ಬದಲಿಸಿ ಆ ಜಾಗದ ಭಾರ ಇಳಿಸಬೇಕು ಎಂದು ಅದರಲ್ಲಿತ್ತು.

“ರೋಗಿ ಮಲಗೋದು ಹಾಸಿಗೆ ಮೇಲಮ್ಮಾ, ಕಾಗದದ ಮೇಲಲ್ಲ” ಎಂದಳು ಅಕ್ಕ. ಆದರೂ ಅದನ್ನು ಮನೆಗೆ ತಂದಳು. ಬೈಯುವುದಕ್ಕಾದರೂ ಪೂರ್ತಿ ಓದಬೇಕಲ್ಲ. ತಪ್ಪು ಹುಡುಕಲು ಕೂತವಳು ಆ ಹುಡುಗಿಯಿಂದ ಇನ್ನೊಂದು, ಮತ್ತೊಂದು ತರಿಸಿಕೊಂಡು ಓದಿದಳು. ಒಂದು ಸಂಜೆ ಊಟದ ಮೇಜಿನ ಮುಂದೆ ಬಡಿಸಿಕೊಳ್ಳದೆ ಕೂತಿದ್ದಳು.

“ಏನಾಯ್ತಕ್ಕಾ?”

“ಹುಣ್ಣಾಗೋ ಥರ ಕಂಡವರನ್ನೇ ನಾನು ಇನ್ನೂ ಜೋರಾಗಿ ಉಜ್ತಿದ್ದೆ ಕಣೋ” ಎಂದು ಅತ್ತಳು. ನಾನು ಮೇಜು ಒರೆಸಿದೆ. ಮೇಜು ಚೊಕ್ಕಟವಾಗಿಯೇ ಇತ್ತು.

ಮಾರನೆಯ ದಿನವೇ ವಾರ್ಡಿನಿಂದ ಪೌಡರ್ ಡಬ್ಬಿಗಳಿಗೆ ಗೇಟ್‌ಪಾಸ್ ಸಿಕ್ಕಿತು. ಸೇವೆ ಹದಗೆಟ್ಟಿದೆ ಎಂದು ರೋಗಿಯೊಬ್ಬರ ಅಳಿಯ ದೊಡ್ಡ ಡಾಕ್ಟರಿಗೆ ದೂರು ಕೊಟ್ಟ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮನೆಗೆ ಬಂದವಳೇ, “ಕಂಡವರ ಬೆನ್ನೆಲ್ಲಾ ಉಜ್ಜಿದೀಯ, ಈಗ ನನ್ನ ಸರದಿ” ಎಂದು ಅಪ್ಪಣೆ ಕೊಟ್ಟಳು.

ಬೆನ್ನಿನ ಬುಡದಲ್ಲಿ ಒಂದು ಕೆಂಪು ಕಲೆ ಇತ್ತು. ಅಕ್ಕ ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದಾಗ ಬೆಳ್ಳಗಾದರೆ ಚಿಂತೆಯಿಲ್ಲವಂತೆ. ಆಗಲಿಲ್ಲ. ಅಡುಗೆಮನೆಗೆ ಬಂದು ನನಗೆ ಮೆಲ್ಲಗೆ ಹೇಳಿದಳು: “ಇದು ಒಡೆದರೆ ಅಮ್ಮ ಎದ್ದು ನಡೆಯೋದು ಅನುಮಾನ.”

ನಾನು ಕೈಗಡಿಯಾರ ರಿಪೇರಿ ಮಾಡುವವನು, ಕೆಲಸ ಮನೆಯ ಮುಂಭಾಗದಲ್ಲೇ. ಹಾಗಾಗಿ ಹೊತ್ತು ಹೊತ್ತಿಗೆ ಅಮ್ಮನ ಮಗ್ಗುಲು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು.

“ನಾನೇನು ಗೋಣಿಚೀಲಾನಾ, ಹೀಗೆ ಉರುಳಿಸ್ತೀಯ?” ಎನ್ನುತ್ತಿದ್ದಳು ಅಮ್ಮ. ನೋಡಲು ಬಂದವರಿಗೆಲ್ಲ, ಮಗಳು ಓದಿ ಓದಿ ಕಲ್ಲಾಗಿದ್ದಾಳೆ ಎಂದು ಹೇಳಿಕೊಂಡಳು. ಅಕ್ಕ ಮಂಚದ ಪಕ್ಕ ಕೈ ಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅಕ್ಕ ಡ್ಯೂಟಿಗೆ ಹೋದ ಒಂದು ಮಧ್ಯಾಹ್ನ ಅಮ್ಮ ದಿಂಬಿನ ಕೆಳಗಿಂದ ಪೌಡರ್ ಡಬ್ಬಿ ತೆಗೆದಳು. ಯಾರು ತಂದುಕೊಟ್ಟರೋ ಇಂದಿಗೂ ಗೊತ್ತಿಲ್ಲ. “ಒಂಚೂರು ಉಜ್ಜೋ ಮಗಾ. ಅವಳಿಗೆ ಹೇಳಲ್ಲ.”

ನನ್ನ ಮನಸ್ಸು ಕರಗಿತು. ಮುಚ್ಚಳ ತೆಗೆದೂ ಬಿಟ್ಟೆ. ಆಮೇಲೆ ಮೇಜಿನ ಮುಂದೆ ಅಳುತ್ತಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಮುಚ್ಚಳ ಹಾಕಿ, ಅಮ್ಮನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟೆ. ಮದುವೆಯಾಗದೆಯೇ ಹೆಂಗಸರಿಗೆ ಹೆದರುವ ಗಂಡಸು ನಾನೊಬ್ಬನೇ ಎಂದಳು ಅಮ್ಮ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಎಂದಿನಂತೆ ಕಲೆಯನ್ನು ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಮಗದೊಮ್ಮೆ ಒತ್ತಿದಳು.

“ಅದೇನು ಕಾಲಿಂಗ್ ಬೆಲ್ಲೇನೇ?” ಎಂದಳು ಅಮ್ಮ.

“ಬೆಳ್ಳಗಾಯ್ತಮ್ಮಾ.” ಅಕ್ಕ ನನ್ನನ್ನೂ ಕರೆದು ತೋರಿಸಿದಳು. ನನಗೆ ಹೋದ ಜೀವ ಬಂದಂತಾಯಿತು.

“ಉಜ್ಜಿದ್ರೆ ಅವತ್ತೇ ಹೋಗಿರೋದು” ಎಂದಳು ಅಮ್ಮ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. “ನಾನು ಕೇಳಿದ್ದು ಬೆನ್ನಿಗೋಸ್ಕರ ಅಲ್ಲ ಕಣೇ. ಬರ್ತೀಯ, ಒತ್ತಿ ನೋಡ್ತೀಯ, ಹೋಗ್ತೀಯ. ಒಂದಿನ ಹತ್ರ ಕೂತಿದ್ಯಾ?”

ಅಕ್ಕ ಯೂನಿಫಾರಂನಲ್ಲೇ ಇದ್ದಳು, ಡ್ಯೂಟಿಗೆ ಹೊತ್ತಾಗಿತ್ತು. ಮಂಚದ ಮೇಲೆ ಕೂತು, ಅಮ್ಮನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಉಜ್ಜತೊಡಗಿದಳು.

“ಇದಕ್ಕೂ ಯಾವುದಾದ್ರೂ ಕಾಗದದಲ್ಲಿ ಬರ್ದಿದ್ಯಾ?” ಎಂದಳು ಅಮ್ಮ.

“ಗೊತ್ತಿಲ್ಲಮ್ಮಾ. ಹುಡುಕಿಲ್ಲ.”

“ಹುಡುಕ್ಬೇಡ” ಎಂದು ಅಮ್ಮ ಇನ್ನೊಂದು ಕೈಯನ್ನೂ ಕೊಟ್ಟಳು.