ಮುರ್ಡೇಶ್ವರಕ್ಕೆ ಮೊದಲು ಚಿಮ್ಮಡದ ಬಾವಿ

ನಾನು ಸಮುದ್ರದೊಳಗೆ ಇಳಿಯಬಲ್ಲೆ ಎಂಬುದಕ್ಕೆ ನನ್ನ ಬಳಿ ಇದ್ದ ಒಂದೇ ಪುರಾವೆ ಒಂದು ತಾಮ್ರದ ಕೊಡ. ಹತ್ತು ವರ್ಷದವನಿದ್ದಾಗ ನಮ್ಮ ಹೊಲದ ಬಾವಿಗೆ ಬಿದ್ದ ಆ ಕೊಡವನ್ನು ಒಂದೇ ಉಸಿರಿನಲ್ಲಿ ಮುಳುಗಿ ತಂದವನು ನಾನು. ಹಾಗೆಂದು ಬಹಳ ಜನರಿಗೆ ಹೇಳಿದ್ದೆ. ಬಾವಿ ಇದ್ದದ್ದು ಗಲಗಲಿಯ ಹತ್ತಿರ. ಆಲಮಟ್ಟಿಯ ಹಿನ್ನೀರು ಬಂದಾಗ ಹೊಲದ ಸಮೇತ ಮುಳುಗಿತು. ಹೀಗಾಗಿ ಯಾರೂ ಹೋಗಿ ಆಳ ನೋಡಿ ಬರುವಂತಿರಲಿಲ್ಲ.

ಜಮಖಂಡಿಯ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳೆಯ, ದೀಪಾವಳಿ ರಜೆಗೆ ಮುರ್ಡೇಶ್ವರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡೋಣ ಎಂದಾಗ ಈ ಕೊಡದ ಬಲದಿಂದಲೇ ಒಪ್ಪಿದೆ. ಅಲ್ಲಿ ದೋಣಿಯಲ್ಲಿ ದ್ವೀಪದವರೆಗೆ ಒಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಮೀನುಗಳ ನಡುವೆ ಇಳಿಸುತ್ತಾರಂತೆ.

"ನೀರು ಬೆಚ್ಚಗ ಇರ್ತಾವಂತ," ಎಂದು ಹೆಂಡತಿಗೆ ಹೇಳಿದೆ.

"ಮನ್ಯಾಗ ಗೀಜರ್ ಐತೆಲ್ಲ," ಎಂದಳು.

ದೋಣಿಯಲ್ಲಿ ಎರಡೇ ಜಾಗ ಉಳಿದಿದ್ದವು. ಎರಡನ್ನೂ ಹಿಡಿದೆವು. ಫಾರ್ಮಿನಲ್ಲಿ 'ಹಿಂದಿನ ಅನುಭವ' ಎಂಬ ಸಾಲಿತ್ತು. 'ಬಾಲ್ಯದಲ್ಲಿ ಆಳವಾದ ಬಾವಿಯಿಂದ ತಾಮ್ರದ ಕೊಡ ತೆಗೆದದ್ದಿದೆ' ಎಂದು ಬರೆದೆ.

ಇಬ್ಬರೂ ಮೇಷ್ಟ್ರುಗಳಾದ್ದರಿಂದ ತಯಾರಿಯಿಲ್ಲದೆ ಹೋಗಬಾರದೆಂದು ತೀರ್ಮಾನಿಸಿದೆವು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ನಮ್ಮ ಕಡೆಯವರಿಗೆ ನೀರಿನೊಳಗೆ ಇರುವುದೆಂದರೆ ಉಸಿರು ಹಿಡಿಯುವುದು. ಗಾಳಿ ಅವರೇ ಕೊಡುತ್ತಾರೆಂದು ಗೊತ್ತಿದ್ದೂ, ಎರಡು ಎಂ.ಎ. ಪದವಿಗಳಿಗೆ ಬೇರೇನೂ ಹೊಳೆಯಲಿಲ್ಲ. ಅಕ್ಕನನ್ನು ಕೊಟ್ಟದ್ದು ಬನಹಟ್ಟಿಯ ಹತ್ತಿರದ ಚಿಮ್ಮಡಕ್ಕೆ. ಅವಳ ಹೊಲದಲ್ಲಿ ಮೆಟ್ಟಿಲಿರುವ ಬಾವಿ ಇದೆ. ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಮೂಗು ಹಿಡಿದು ಮುಳುಗತೊಡಗಿದೆವು. ಅಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತು, ಶೇಂಗಾ ಸುಲಿಯುತ್ತ, ಗಟ್ಟಿಯಾಗಿ ಎಣಿಸುತ್ತಿದ್ದಳು. ಗೆಳೆಯ ಐವತ್ತು ದಾಟಿದ. ನಾನು ಮೊದಲ ವಾರ ಇಪ್ಪತ್ತೆರಡು, ಎರಡನೆಯ ವಾರ ಇಪ್ಪತ್ತೊಂದು.

"ಲೇ ತಮ್ಮಾ, ನೀ ಮುಂದ ಹೊಂಟೀದಿಯೋ ಹಿಂದ ಹೊಂಟೀದಿಯೋ?"

ಗೆಳೆಯ ನನ್ನ ಪರವಾಗಿ ಮಾತಾಡಿದ. "ಸಣ್ಣಾಂವ ಇದ್ದಾಗ ಬಾವ್ಯಾಗಿನ ಕೊಡ ತಂದಿದ್ನಂತಲ್ರಿ ಅಕ್ಕಾರ?"

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಯಾರು, ಇಂವಾ? ಇಂವಾ ಕೊಡ ಕೆಡವಿದಾಂವ್ರಿ. ತಂದಾಕಿ ನಾ. ಇಂವಾ ದಂಡಿ ಮ್ಯಾಲ ನಿಂತು ಅಳಾಕತ್ತಿದ್ದ."

ಮನೆಗೆ ಬಂದು ಹಳೆಯ ಡೈರಿಗಳನ್ನು ತೆಗೆದೆ. ಕೊಡದ ಪ್ರಸಂಗ ಮೊದಲು ಬರುವುದು ಧಾರವಾಡದ ಹಾಸ್ಟೆಲಿನ ದಿನಗಳಲ್ಲಿ. ಅದೇ ಪುಟದ ಮೇಲ್ಭಾಗದಲ್ಲಿ, ರೂಮಿನವನೊಬ್ಬ ತುಂಬಿದ ಹೊಳೆ ಈಜಿ ದಾಟಿದ್ದನ್ನು ಹೇಳಿದನೆಂದಿದೆ. ಅದಕ್ಕಿಂತ ಹಿಂದೆ ಎಲ್ಲಿಯೂ ಕೊಡವಿಲ್ಲ. ಆದರೆ ತಳದ ಹಸಿರು ಕತ್ತಲೆ, ಕಿವಿಯೊಳಗಿನ ಗುಂಯ್ ಸದ್ದು, ಬೆರಳಿಗೆ ಸಿಕ್ಕ ಕೊಡದ ಕಂಠ, ಎಲ್ಲವೂ ನನಗೆ ನೆನಪಿದೆ. ಕೊಡ ಬಿದ್ದ ದಿನ ಅಕ್ಕ ಮೇಲೆ ಬಂದು ಹೇಳಿದ್ದನ್ನೇ ನನ್ನದೆಂದು ಇಟ್ಟುಕೊಂಡೆನೆ? ಅಥವಾ ತಪ್ಪು ಅವಳದೇ ಇರಬಹುದೆ? ನಾನು ಹುಟ್ಟಿದ್ದು ಸೋಮವಾರ ಎಂದು ಅವಳ ಹಟ. ದಾಖಲೆಯಲ್ಲಿ ಗುರುವಾರವಿದೆ.

ಮೂರನೆಯ ಭಾನುವಾರ ಇದನ್ನೇ ಕೇಳಿದೆ. ಅಕ್ಕ ಹೊಲದ ಮನೆಯೊಳಗಿನಿಂದ, ಎಂದಿನ ಕುಡಿಯುವ ನೀರಿನ ತಂಬಿಗೆಯ ಬದಲು ಕೊಡವನ್ನೇ ಎತ್ತಿ ತಂದು ಮುಂದಿಟ್ಟಳು. ಹೊಟ್ಟೆಯ ಬಳಿ ತಗ್ಗು ಬಿದ್ದ ತಾಮ್ರದ ಕೊಡ.

"ಮದ್ವ್ಯಾಗ ಅವ್ವ ಇದನ್ನ ನನಗ ಯಾಕ ಕೊಟ್ಲು? ಹೊಸಾದು ಕೊಡಸ್ತೇನಿ ಅಂದ ಅಪ್ಪಗ, 'ತಂದಾಕೀದು ಇದು' ಅಂದ್ಲು."

ಅಷ್ಟು ವರ್ಷ ಅವಳ ಮನೆಯಲ್ಲಿ ಆ ಕೊಡದ ನೀರನ್ನೇ ಕುಡಿದು, ಹೊರಗೆ ಬೇರೆಯವರಿಗೆ ಆ ಕಥೆ ಹೇಳಿದ್ದೆ.

ಆಗ ಮಾಡಬೇಕೆನ್ನಿಸಿದ್ದು ಮುರ್ಡೇಶ್ವರದ ಡೈವಿಂಗಿನವರಿಗೆ ಫೋನು. ಈಜು ಸರಿಯಾಗಿ ಬಾರದಿದ್ದರೆ ನಡೆಯುತ್ತದೆಯೆ ಎಂದು ವಿಚಾರಿಸಿದೆ.

"ಬಾರದಿದ್ರೂ ಅಡ್ಡಿಲ್ಲ ಸರ್. ಒಂದೇ ಒಂದು, ಉಸಿರು ಮಾತ್ರ ಹಿಡೀಬಾರ್ದು. ಆಡಿಸ್ತಾನೇ ಇರ್ಬೇಕು. ಹಿಡಿದು ಮೇಲೆ ಬಂದ್ರೆ ಶ್ವಾಸಕೋಶಕ್ಕೆ ಅಪಾಯ."

ಮೂರು ವಾರದಿಂದ ಹಿಡಿಯುವುದನ್ನೇ ರೂಢಿ ಮಾಡಿದ್ದೇವೆ ಎಂದೆ. "ಮರ್ತುಬಿಡಿ ಸರ್," ಎಂದ.

ಅಂದರೆ ಕೊಡ ತಂದವನಿಗೂ ಕೆಡವಿದವನಿಗೂ ಅಲ್ಲಿ ಭೇದವಿಲ್ಲ. ನನ್ನ ಜಾಗ ನನಗೇ ಇತ್ತು. ಈ ಸಮಾಧಾನದಲ್ಲಿ ಫೋನಿನ ಮಾತನ್ನು ಅಕ್ಕನಿಗೆ ಹೇಳಿದೆ. ಅವಳ ಕೈ ಶೇಂಗಾದ ಮೇಲೆ ನಿಂತಿತು.

"ಉಸರಾಡಿಸಿಕೋತ ಕೆಳಗ ಇರಬೌದ? ಎಷ್ಟೊತ್ತ?"

"ಅರ್ಧ ತಾಸಂತ."

"ಅವತ್ತ ಕೊಡ ಹಿಡದ ಕೂಡ್ಲೆ ಮ್ಯಾಲ ಬರಬೇಕಾತು. ದಮ್ಮ ಇರಲಿಲ್ಲ. ತಳದಾಗ ಏನೇನ ಇತ್ತೋ, ಒಂದೂ ನೋಡ್ಲಿಲ್ಲ. ಆಮ್ಯಾಲ ದೊಡ್ಡಾಕಿ ಆದೆ ಅಂತ ಅವ್ವ ಬಾವಿಗೆ ಇಳಿಯಗೊಡಲಿಲ್ಲ."

ಗೆಳೆಯ ನನ್ನನ್ನು ನೋಡಿದ. ನಾನು ಕೊಡವನ್ನು ನೋಡಿದೆ. ದೋಣಿಯಲ್ಲಿ ಇದ್ದದ್ದು ಎರಡೇ ಜಾಗ.

"ನೀ ಹೋಗಕ್ಕಾ," ಎಂದೆ. ಇದನ್ನು ನಾನೇ ಅಂದೆನೋ, ಗೆಳೆಯ ಮೊದಲು ಅಂದನೋ, ಖಾತ್ರಿಯಿಲ್ಲ. ಆ ದಿನದ ಡೈರಿಯಲ್ಲಿ ನಾನೇ ಅಂದೆನೆಂದಿದೆ.

ಅಕ್ಕ ಬೇಡವೆನ್ನಲಿಲ್ಲ. "ನೀನೂ ಬಾ. ದಂಡಿ ಮ್ಯಾಲ ನಿಂದ್ರಾಕಂತ. ರೂಢಿ ಐತಿ ನಿನಗ," ಎಂದಳು.

ಹೊಸ ಫಾರ್ಮು ತುಂಬಿದವನು ನಾನೇ. ಹೆಸರು, ವಯಸ್ಸು, ತೂಕ ಬದಲಾದವು. 'ಹಿಂದಿನ ಅನುಭವ' ಎಂಬಲ್ಲಿ ಹಳೆಯ ಫಾರ್ಮಿನ ನನ್ನ ವಾಕ್ಯವನ್ನೇ ನೋಡಿ ಇಳಿಸಿದೆ, ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.