ಅಕ್ಕಯಮ್ಮನ ಬಲಗಡೆಯ ಮೊಳೆಗಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮುಳಬಾಗಿಲಿನ ಪೇಟೆ ಬೀದಿಯ ಹಿಂದಿನ ಸಂದಿಯಲ್ಲಿ, ತಗ್ಗಾದ ಹಂಚಿನ ಮನೆಯೊಂದರ ನಡುಮನೆಯಲ್ಲಿ ಅಕ್ಕಯಮ್ಮ ಚಾಪೆ ಹಾಸಿಕೊಂಡು ಕೈಮಿಷಿನ್ನಿನ ಮುಂದೆ ಕೂರುತ್ತಾರೆ. ದೀಪ ಹಚ್ಚುವುದಿಲ್ಲ. ಯುದ್ಧ ಮುಗಿಯಿತೆಂದು ಪತ್ರಿಕೆಗಳು ಬರೆದು ಮೂರು ತಿಂಗಳಾದರೂ ಸೀಮೆಎಣ್ಣೆ ಈ ಸಂದಿಗೆ ಸರಿಯಾಗಿ ಬಂದಿಲ್ಲ. ಅವರ ಎಡಗೈ ಪಕ್ಕದ ಗೋಡೆಗೆ ಬಡಿದ ಹಲಗೆಯ ಮೇಲೆ ಒಮ್ಮೆ ಓಡಾಡುತ್ತದೆ. ಮೊದಲನೆಯ ಮೊಳೆಯಲ್ಲಿ ಕತ್ತರಿ, ಅದರ ಪಕ್ಕ ಅಳತೆಯ ಟೇಪು, ಆಮೇಲೆ ಗುರುತಿನ ಸುಣ್ಣದ ಚೀಲ, ದಾರದ ರೀಲುಗಳು, ಎಣ್ಣೆಯ ಡಬ್ಬಿ. ಹೀಗೆ ಹನ್ನೊಂದು ಮೊಳೆಗಳನ್ನೂ ಮುಟ್ಟಿ, ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಬಲಗೈ ಮಿಷಿನ್ನಿನ ಹಿಡಿಯನ್ನು ತಿರುಗಿಸುತ್ತದೆ.

ಇವರ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದು ನಾನು ಮುಳಬಾಗಿಲಿಗೆ ಬಂದವನಲ್ಲ. ಕೋಲಾರದಿಂದ ಹೊರಟ ಇದ್ದಿಲು ಗ್ಯಾಸಿನ ಬಸ್ಸು ಏರು ಸಿಕ್ಕಲ್ಲೆಲ್ಲ ನಿಂತಿತು. ಪ್ರತಿ ಸಲವೂ ನಾವೆಲ್ಲ ಇಳಿದು ತಳ್ಳಿದೆವು. ಮೂರನೆಯ ಏರಿನಲ್ಲಿ ನನ್ನ ಕೋಟಿನ ಬಲಗಂಕುಳು ಪರ್ರನೆ ಹರಿಯಿತು. ಆ ಕೋಟು ತೊಟ್ಟು ಯಾರಿಗೂ ಕೈಯೆತ್ತಿ ನಮಸ್ಕಾರ ಮಾಡುವ ಹಾಗಿರಲಿಲ್ಲ. ಛತ್ರದ ಅಡಿಗೆಯವರನ್ನು ಕೇಳಿದ್ದಕ್ಕೆ ಪುರ್ರಚೇತಿ ಮನೆಗೆ ಹೋಗಿ ಎಂದರು. ಈ ಕಡೆಯ ತೆಲುಗಿನಲ್ಲಿ ಹಾಗೆಂದರೆ ಎಡಗೈಯವನು. ಆ ಎಡಗೈಯವನು ತೀರಿಕೊಂಡು ಎಂಟು ವರ್ಷವಾಗಿದೆ, ಮನೆಗೆ ಹೆಸರು ಹಾಗೇ ಉಳಿದಿದೆ.

ಅಕ್ಕಯಮ್ಮ ಕೋಟನ್ನು ತಿರುವಿ ನೋಡಿ, ಹರಿದದ್ದನ್ನು ಹಾಗೇ ಹೊಲಿಯದೆ ಕಂಕುಳಿನಲ್ಲಿ ಚೌಕದ ಒಂದು ತುಂಡು ಕೂರಿಸಿದರು. "ಬರೀ ಹೊಲ್ದ್ರೆ ನಾಳೆ ಮತ್ತೆ ಹರಿಯುತ್ತೆ ಸ್ವಾಮಿ. ತುಂಡು ಇಟ್ರೆ ಕೈ ಆಡುತ್ತೆ. ಅರ್ಧ ಗಂಟೆ ಕೆಲಸ," ಎಂದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಂದ ಕೆಲಸ ಬಿಟ್ಟು ನಾನು ಮಾರನೆಯ ಬೆಳಗ್ಗೆಯೂ ಈ ಮನೆಯ ಹೊಸ್ತಿಲಿನಲ್ಲಿ ಬಂದು ಕೂತಿರುವುದು ಆ ಕೈಯ ಓಡಾಟ ನೋಡುವುದಕ್ಕೆ.

ಹಲಗೆ ಗಂಡನದು. ಚನ್ನರಾಯಪ್ಪ ಹುಟ್ಟು ಎಡಚ. ಕೋಲಾರದ ದರ್ಜಿಯೊಬ್ಬರ ಹತ್ತಿರ ಕೆಲಸ ಕಲಿಯುವಾಗ ಮೇಸ್ತ್ರಿ ಎರಡು ವರ್ಷ ಗಜಕೋಲಿನಲ್ಲಿ ಆ ಎಡಗೈಗೆ ಹೊಡೆದು, ಕೊನೆಗೆ ಹೊಡೆದವರೇ ಸೋತರು. ಊರಿಗೆ ಬಂದ ಮೇಲೆ ಚನ್ನರಾಯಪ್ಪ ಮಾಡಿದ ಮೊದಲ ಕೆಲಸ ಆವನಿಯ ಕಮ್ಮಾರನಿಂದ ಎಡಗೈ ಕತ್ತರಿ ಮಾಡಿಸಿದ್ದು. ಎಲ್ಲರ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಎರಡನೆಯ ಕೆಲಸ ಈ ಹಲಗೆ. ಕೈಮಿಷಿನ್ನಿನಲ್ಲಿ ಬಲಗೈ ಹಿಡಿಯ ಮೇಲೇ ಇರಬೇಕು, ಬೇಕಾದ್ದೆಲ್ಲ ಎಡಗೈಗೆ ಎಟುಕಬೇಕು. ಚಾಪೆಯ ಮೇಲೆ ಕೂತು, ಕೈ ಚಾಚಿ, ಬೆರಳು ಮುಟ್ಟಿದಲ್ಲೇ ಒಂದೊಂದು ಮೊಳೆ ಹೊಡೆದರಂತೆ. ದೊಡ್ಡ ಊರುಗಳ ಕಾರ್ಖಾನೆಯವರು ಇವತ್ತು ದೊಡ್ಡದಾಗಿ ಮಾತಾಡುವ ಅಚ್ಚುಕಟ್ಟನ್ನು ಆ ಮನುಷ್ಯ ಹನ್ನೊಂದು ಮೊಳೆಗಳಲ್ಲಿ ಮುಗಿಸಿದ್ದ.

ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಚನ್ನರಾಯಪ್ಪ ಹಲಗೆಯನ್ನು ಮೊಳೆಗಳ ಸಮೇತ ಕಿತ್ತು ಗಾಡಿಗೆ ಹೇರಿದರು. ಗುಡಿಸಲಿನಲ್ಲಿ ಒಲೆಗೆ ಕಲ್ಲು ಹೂಡುವುದಕ್ಕೆ ಮುಂಚೆ ಹಲಗೆಗೆ ಗೂಟ ನೆಟ್ಟರು ಎಂದು ಅಕ್ಕಯಮ್ಮ ಈಗಲೂ ಆಡಿಕೊಳ್ಳುತ್ತಾರೆ. ಚನ್ನರಾಯಪ್ಪ ಆ ಗುಡಿಸಲಿನಿಂದ ವಾಪಸು ಬರಲಿಲ್ಲ. ಎಂಟು ವರ್ಷದ ಮಗಳು ಕದಿರಮ್ಮ, ಮಿಷಿನ್ನು, ಹಲಗೆ, ಇಷ್ಟನ್ನು ಕಟ್ಟಿಕೊಂಡು ಅಕ್ಕಯಮ್ಮ ಊರಿಗೆ ಬಂದರು.

ಅಲ್ಲಿಯವರೆಗೆ ಅವರು ಗುಂಡಿಯ ತೂತಿಗೆ ಕಾಜಾ ಮಾಡಿದ್ದರು, ಅಂಚು ಮಡಿಸಿದ್ದರು, ಗುಂಡಿ ಹಾಕಿದ್ದರು, ಅಷ್ಟೇ. ಮಿಷಿನ್ನಿನ ಮುಂದೆ ಕೂತವರಲ್ಲ. ಕೂತಾಗ ಕತ್ತರಿ ಎಡಕ್ಕಿತ್ತು, ಇವರ ಕೈ ಬಲ. ಬೇರೆ ಯಾರಾದರೂ ಆಗಿದ್ದರೆ ಹಲಗೆಯನ್ನು ಕಿತ್ತು ಬಲಗಡೆಗೆ ಹೊಡೆದುಕೊಳ್ಳುತ್ತಿದ್ದರು.

"ಅವ್ರು ತಗಲಾಕಿದ್ದು ತಗಲಾಕ್ದಂಗೇ ಇತ್ತು. ಜಾಗ ಬದಲಾಯ್ಸಕ್ಕೆ ಮನಸ್ಸಾಗ್ಲಿಲ್ಲ," ಎನ್ನುತ್ತಾರೆ. "ನಾನೇ ಕೈ ಬದಲಾಯ್ಸ್ಕೊಂಡೆ."

ಆರು ತಿಂಗಳು ಹಿಡಿಯಿತು. ಎಡ ಹೆಬ್ಬೆರಳಿನ ಮೇಲೆ ಆ ಆರು ತಿಂಗಳ ಗುರುತುಗಳು ಈಗಲೂ ಇವೆ. ಇವತ್ತು ಹೊತ್ತು ಮುಳುಗುವುದರೊಳಗೆ ಎರಡು ಅಂಗಿ, ಇಲ್ಲವೆ ಹುಡುಗರ ನಾಲ್ಕು ಚಡ್ಡಿ ಮುಗಿಯುತ್ತವೆ. ದಿನಕ್ಕೆ ಮೂವತ್ತು ಕಾಜಾ. ಇರುವುದು ಮೂರೇ ಸೂಜಿ, ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿಟ್ಟಿದ್ದಾರೆ. ಹೊಸ ಸೂಜಿ ಪೇಟೆಯಲ್ಲಿಲ್ಲ, ಮೊಂಡಾದದ್ದನ್ನೇ ಕಲ್ಲಿಗೆ ಉಜ್ಜುತ್ತಾರೆ. ಶಾಲೆಯ ಹುಡುಗರ ಅಂಗಿ, ಪೊಲೀಸಿನವರ ನಿಕ್ಕರು, ಹಾಸಿಗೆಯ ಗವಸು, ಎಲ್ಲ ಈ ಸಂದಿಗೆ ಬರುತ್ತದೆ. ಬರದೆ ಇರುವುದು ಮುಹೂರ್ತದ ಬಟ್ಟೆ ಒಂದೇ. ಮದುಮಗಳ ರವಿಕೆಯನ್ನೂ ಕೂಸಿನ ಮೊದಲ ಅಂಗಿಯನ್ನೂ ಗಂಡ ಸತ್ತವಳ ಕೈಗೆ ಯಾರೂ ಕೊಡುವುದಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವಷ್ಟು ಒರಟರು ಈ ಊರಿನಲ್ಲಿಲ್ಲ. ಬಾಗಿಲಿನಲ್ಲಿ ನಿಂತು ಮಾತು ಬದಲಾಯಿಸಿ ಹೋಗುತ್ತಾರೆ.

ಮುಳಬಾಗಿಲನ್ನು ಬೈಯಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ನನ್ನ ತಂಗಿಯ ಮದುವೆಯಲ್ಲಿ, ಅವಳನ್ನು ಎತ್ತಿ ಆಡಿಸಿದ, ಗಂಡ ಸತ್ತ ಸೋದರತ್ತೆಯನ್ನು ಉಗ್ರಾಣದಲ್ಲಿ ಕೂರಿಸಿದಾಗ ನಾನೂ ಅಲ್ಲೇ ಓಡಾಡಿಕೊಂಡಿದ್ದೆ, ತುಟಿ ಎರಡು ಮಾಡಲಿಲ್ಲ. ಆದ್ದರಿಂದ ಬೈಗುಳ ನುಂಗಿಕೊಂಡೆ.

ಬೆಳಕು ಬಂದ ಮೇಲೆ ಬಲಗಡೆಯ ಗೋಡೆ ಕಾಣುತ್ತದೆ. ಅಲ್ಲೂ ಒಂದು ಹಲಗೆ ಇದೆ, ಹೊಸ ಮಾವಿನ ಮರದ್ದು, ಆರು ಮೊಳೆಗಳು. ಒಂದಕ್ಕೆ ಎಲ್ಲರೂ ಬಳಸುವಂಥ ಬಲಗೈ ಕತ್ತರಿ ತೂಗುತ್ತದೆ. ಇನ್ನೊಂದಕ್ಕೆ ಮೂರು ಬೆರಳಗಲದ ಕೆಂಪು ರೇಷ್ಮೆಯ ಚೌಕ ಸಿಕ್ಕಿಸಿದೆ. ಉಳಿದ ನಾಲ್ಕು ಖಾಲಿ. ಬೆಳಗಿನಿಂದ ಅಕ್ಕಯಮ್ಮನ ಕೈ ಒಮ್ಮೆಯೂ ಆ ಕಡೆಗೆ ಹೋಗಿಲ್ಲ. ಅದು ಯಾಕೆಂದು ನಾನು ಕೇಳುತ್ತೇನೆ. ಹಿಡಿದ ಅಂಗಿಯ ಕಾಲರು ಮುಗಿಸಿ, ದಾರ ಕಡಿದು, ಕತ್ತರಿಯನ್ನು ಅದರ ಜಾಗಕ್ಕೆ ತಗಲುಹಾಕಿದ ಮೇಲೆ ಅವರು ಹೇಳತೊಡಗುತ್ತಾರೆ.

ಈ ವರ್ಷ ವೈಶಾಖದಲ್ಲಿ ಕದಿರಮ್ಮನ ಮದುವೆಯಾಯಿತು. ಬೈರಕೂರಿನ ಸಂಬಂಧ. ಬೀಗಿತ್ತಿ ದೊಡ್ಡಮುನಿಯಮ್ಮ ಯುದ್ಧಕಾಲದ ಬಟ್ಟೆ ಪರ್ಮಿಟ್ಟಿನ ಮೇಲೆ ಎಲ್ಲೆಲ್ಲೋ ಓಡಾಡಿ ಮುಹೂರ್ತದ ರವಿಕೆಗೆಂದು ಕೆಂಪು ರೇಷ್ಮೆಯ ಒಂದು ಕಣ ತಂದರು, ಕೋಲಾರದಲ್ಲಿ ಹೊಲಿಸುತ್ತೇವೆ ಎಂದರು. ಅಕ್ಕಯಮ್ಮ ಬೈರಕೂರಿಗೆ ನಡೆದುಹೋದರು. ಒಡವೆಯ ಮಾತಿಲ್ಲ, ಊಟದ ಮಾತಿಲ್ಲ, ಒಂದನ್ನೇ ಕೇಳಿದರು: ಆ ರವಿಕೆ ಹುಡುಗಿಯ ಅಪ್ಪನ ಮಿಷಿನ್ನಿನ ಮೇಲೆ ಆಗಬೇಕು.

ದೊಡ್ಡಮುನಿಯಮ್ಮ ಒಂದು ಷರತ್ತಿನ ಮೇಲೆ ಒಪ್ಪಿದರು. ಹುಡುಗಿಯೇ ಕತ್ತರಿಸಿ ಹುಡುಗಿಯೇ ಹೊಲಿಯಲಿ, ತಾಯಿಯ ಕೈ ಮುಟ್ಟಬಾರದು, ನೆರಳು ಬೀಳಬಾರದು ಎಂದರು. ಬಟ್ಟೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಕದಿರಮ್ಮನ ಕೈಗೇ ಕೊಟ್ಟರು. ಅಕ್ಕಯಮ್ಮ ಮಾತು ಕೊಟ್ಟು ಬಂದರು.

ಕದಿರಮ್ಮನದು ಬಲಗೈ. ಚಿಕ್ಕವಳಿದ್ದಾಗ ಕತ್ತರಿಯನ್ನು ಬಲಕ್ಕೆ ಇಟ್ಟುಬಿಡುತ್ತಿದ್ದಳು, ಅದಕ್ಕೆ ಎಷ್ಟೋ ಸಲ ಏಟು ತಿಂದಿದ್ದಳು. ಈಗ ಅಮ್ಮನೇ ಮಾವಿನ ಹಲಗೆ ತಂದರು. ಮಗಳನ್ನು ಚಾಪೆಯ ಮೇಲೆ ಕೂರಿಸಿ, ಕೈ ಚಾಚಿಸಿ, ಬೆರಳು ಮುಟ್ಟಿದಲ್ಲಿ ಆರು ಮೊಳೆ ಹೊಡೆದರು. ಹೊಸ ಕತ್ತರಿ ತಂದರು. ಎಡಗಡೆಯಿಂದ ಟೇಪು, ಸುಣ್ಣ, ದಾರ, ಎಣ್ಣೆ, ಸೂಜಿ ಎಲ್ಲ ಬಲಗಡೆಗೆ ಬಂತು. ಚನ್ನರಾಯಪ್ಪನ ಹಲಗೆಯಲ್ಲಿ ಎಡಗೈ ಕತ್ತರಿಯೊಂದೇ ಉಳಿದದ್ದು ಅದೇ ಮೊದಲು. ಆಮೇಲೆ ನೆರಳು ಬೀಳದಷ್ಟು ದೂರದಲ್ಲಿ, ಮಗಳ ಎದುರಿಗೆ, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕೂತರು.

ತಪ್ಪಾದದ್ದು ಅಲ್ಲೇ. ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಆಳವಾಗಿ ಕತ್ತರಿಸುತ್ತಾರೆ, ಆದ್ದರಿಂದ ಎಡದ ತೋಳು ಬಲಕ್ಕೆ ಆಗಿಬರುವುದಿಲ್ಲ. ಬಟ್ಟೆ ಧಾರಾಳವಾಗಿದ್ದರೆ ಮಡಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಬಹುದು. ಆ ಕಣ ಸಾಲದು. ಒಂದು ತೋಳು ಕತ್ತರಿಸಿ, ಕಾಗದದ ಅಚ್ಚನ್ನು ಮಗುಚಿ, ಇನ್ನೊಂದನ್ನು ಉಳಿದ ಜಾಗದಲ್ಲಿ ಕತ್ತರಿಸಬೇಕು. ಕದಿರಮ್ಮ ತಾನಾಗಿಯೇ ಅಚ್ಚನ್ನು ಮಗುಚಿ ಇಟ್ಟಿದ್ದಳು. ಎಂಟು ವರ್ಷ ಮಿಷಿನ್ನಿನ ಮುಂದೆ ಕೂತು ಎಡಗೈ ಕಡೆಯಿಂದಲೇ ಬಟ್ಟೆ ನೋಡಿದ ಅಕ್ಕಯಮ್ಮನಿಗೆ ಎದುರಿನಿಂದ ಎಲ್ಲ ತಿರುವುಮುರುವಾಗಿ ಕಂಡಿತು, ಮಗಳು ಮಗುಚಿಲ್ಲ ಎಂದುಕೊಂಡರು.

"ಮಗುಚೇ ಅಂದೆ. ಅವ್ಳು ನನ್ ಮಾತು ನಂಬಿ ಇನ್ನೊಂದ್ ಸಾರಿ ಮಗುಚಿದ್ಲು. ಎರಡೂ ಎಡಗೈ ತೋಳೇ ಆಗೋಯ್ತು."

ಹೊಲಿದು ತೊಟ್ಟು ನೋಡಿದಾಗ ಗೊತ್ತಾಯಿತು. ಬಲಗೈ ಭುಜದ ಮಟ್ಟ ಬಂದರೆ ಬಟ್ಟೆ ಹಿಡಿಯುತ್ತದೆ, ಮೇಲೆ ಏಳುವುದಿಲ್ಲ. ಬೇರೆ ಬಟ್ಟೆ ಇಲ್ಲ, ಮದುವೆಗೆ ನಾಲ್ಕು ದಿನ. ತೋಳು ಬಿಚ್ಚಿ, ಮುಂಭಾಗ ಒಂದಿಷ್ಟು ಸವರಿ, ಕಂಕುಳಿಗೆ ಯಾವುದಾದರೂ ಕೆಂಪು ಚೂರು ಕೂರಿಸಿದರೆ ಸರಿಹೋಗುತ್ತಿತ್ತು. ಕದಿರಮ್ಮನಿಗೆ ಅಷ್ಟು ಕೆಲಸ ಬರುತ್ತಿರಲಿಲ್ಲ. ಅಮ್ಮನಿಗೆ ಬರುತ್ತಿತ್ತು. ನೀನೇ ಮಾಡಮ್ಮ, ಬಾಗಿಲು ಹಾಕ್ತೀನಿ, ಯಾರಿಗೆ ಗೊತ್ತಾಗುತ್ತೆ ಎಂದು ಹುಡುಗಿ ಬೇಡಿಕೊಂಡಳಂತೆ. ಅಕ್ಕಯಮ್ಮ ಎದ್ದು ಹೋಗಿ ತಮ್ಮ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡರು. ಒಂದು ಗಳಿಗೆ ಹಿಡಿದು ನಿಂತು, ಮತ್ತೆ ಮೊಳೆಗೆ ತಗಲುಹಾಕಿದರು.

ಕೊಟ್ಟ ಮಾತಿಗಾಗಿಯೇ ಎಂದು ನಾನು ಕೇಳುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

"ಮಾತು ಇರ್ಲಿ ಸ್ವಾಮಿ. ನಾಳೆ ಅಳಿಯಂದ್ರಿಗೆ ಒಂದು ಹೆಚ್ಚು ಕಮ್ಮಿ ಆದ್ರೆ, ಈ ಕೈ ಮುಟ್ಟಿದ್ದಕ್ಕೇ ಅಂತ ಜನ ಅಂತಾರೆ. ಅಂದ್ಕೊಳ್ಳಿ ಬಿಡಿ. ಆದ್ರೆ ನಾನೂ ಹಂಗೇ ಅಂದ್ಕೊಂಡ್ಬಿಟ್ರೆ?"

ಊರು ಅವರ ಕೈಯನ್ನು ನಂಬಲಿಲ್ಲವೆಂಬುದು ದೊಡ್ಡ ಮಾತಲ್ಲ, ಊರು ಹಾಗೇ. ಊರೆಲ್ಲಕ್ಕೂ ಅಂಗಿ ಹೊಲಿದ ಈ ಹೆಂಗಸಿಗೇ ಆ ಕೈಯ ಮೇಲೆ ನಂಬಿಕೆ ಹೋಗಿತ್ತು ಎಂಬುದನ್ನು ಕೇಳಿ ನನಗೆ ಸಂಕಟವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮದುವೆಯ ದಿನ ಅಕ್ಕಯಮ್ಮ ಉಗ್ರಾಣದ ಬಾಗಿಲ ಸಂದಿಯಿಂದ ನೋಡಿದರು. ಹಾರ ಹಾಕುವಾಗ ಕದಿರಮ್ಮನ ಎಡಗೈ ಎದ್ದಿತು, ಬಲಗೈ ಭುಜದ ಹತ್ತಿರ ನಿಂತಿತು. ಹುಡುಗಿಗೆ ನಾಚಿಕೆ ಎಂದು ಹೆಂಗಸರು ನಕ್ಕರು. ಅಳಿಯ ತಲೆ ಬಗ್ಗಿಸಿಕೊಟ್ಟ. ನಾಚಿಕೆ ಅಲ್ಲವೆಂದು ಆ ಚಪ್ಪರದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆಷಾಢಕ್ಕೆ ಕದಿರಮ್ಮ ತವರಿಗೆ ಬಂದಳು, ಒಂದು ತಿಂಗಳು ಇದ್ದಳು, ತನ್ನ ಹಲಗೆಯ ಕಡೆ ಕೂತು ಅಮ್ಮನ ಜೊತೆ ಹೊಲಿದಳು. ರವಿಕೆ ಮಾತ್ರ ಬರಲಿಲ್ಲ. ಮುಹೂರ್ತದ ರವಿಕೆ ಗಂಡ ಸತ್ತವಳ ಮನೆಗೆ ಹೋಗಬಾರದೆಂದು ದೊಡ್ಡಮುನಿಯಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೈರಕೂರಿನವರನ್ನು ಕೆಟ್ಟದಾಗಿ ಬರೆಯಬೇಡಿ, ಆಯಮ್ಮ ಕೆಟ್ಟವರಲ್ಲ ಎಂದು ಅಕ್ಕಯಮ್ಮ ನನಗೆ ಎರಡು ಸಲ ಹೇಳುತ್ತಾರೆ. ಮಗಳೂ ಅಳಿಯನೂ ಬರಬಹುದೆಂದು ದೀಪಾವಳಿಗೆ ಮನೆ ಸಾರಿಸಿದರು. ಅವರು ಬರಲಿಲ್ಲ. ಸಾರಿಸಲೆಂದು ಮಿಷಿನ್ನನ್ನು ಎತ್ತಿದಾಗ ಅದರ ಪೀಠದ ಸಂದಿಯಲ್ಲಿ ಕೆಂಪು ರೇಷ್ಮೆಯ ಚೂರು ಸಿಕ್ಕಿತು, ಕದಿರಮ್ಮ ಕತ್ತರಿಸುವಾಗ ಬಿದ್ದದ್ದು. ಅದನ್ನು ಚೌಕವಾಗಿ ಕತ್ತರಿಸಿ, ನಾಲ್ಕು ಅಂಚೂ ಮಡಿಸಿ, ಮಗಳ ಮೊಳೆಗೆ ಸಿಕ್ಕಿಸಿಟ್ಟಿದ್ದಾರೆ.

ಬಸ್ಸಿನ ಹೊತ್ತಾಗುತ್ತದೆ. ನಾನು ಕೋಟು ತೊಟ್ಟು ಕೈಯೆತ್ತಿ ನಮಸ್ಕಾರ ಮಾಡುತ್ತೇನೆ. ಬಲಗೈ ಸಲೀಸಾಗಿ ಏಳುತ್ತದೆ. ಅಕ್ಕಯಮ್ಮ ನನ್ನ ಮುಖ ನೋಡುವುದಿಲ್ಲ, ಕಂಕುಳಿನ ತುಂಡನ್ನೇ ನೋಡುತ್ತಾರೆ. ನಿಮಗೇನಾದರೂ ಬೇಕೇ ಎಂದು, ಪತ್ರಿಕೆಯವರು ಕೇಳುವ ಹಾಗೆ, ನಾನೂ ಕೇಳುತ್ತೇನೆ.

"ನಂಗೇನ್ ಬೇಕು. ಮುಹೂರ್ತ ಆಗೋಯ್ತಲ್ಲ, ಈಗ ಅದು ಬರೀ ರವಿಕೆ. ಒಂದ್ಸಾರಿ ತಂದ್ಕೊಟ್ರೆ ಸಾಕು," ಎನ್ನುತ್ತಾರೆ. "ಅರ್ಧ ಗಂಟೆ ಕೆಲಸ ಸ್ವಾಮಿ."