ಒಂದಕ್ಕೆ ಇಪ್ಪತ್ತು

ಇವತ್ತು ಬೆಳಿಗ್ಗೆ ಪಾತ್ರೆ ವಾಪಸು ಕೊಡಲು ಬಂದ ಪಕ್ಕದ ಮನೆಯ ಸುಮಿತ್ರಾ ಹೊಸಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏನ್ರೀ ಇದು, ಫಿನಾಯಿಲ್ ಘಾಟಿಗೆ ಕಣ್ಣಲ್ಲಿ ನೀರು ಬರ್ತಿದೆ!" ನನಗೆ ಯಾವ ಘಾಟೂ ಬರಲಿಲ್ಲ. ಮೊದಲು ಅನುಮಾನ ಬಂದದ್ದು ಅವರ ಮೇಲೆಯೇ. ಪಾತ್ರೆ ತಡವಾಗಿ ತಂದದ್ದಕ್ಕೆ ಮಾತು ತೇಲಿಸುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಯೇ ಅಂಥದ್ದು, ನಿಮ್ಮಲ್ಲಿ ಮುಚ್ಚಿಡುವುದೇನು.

ಒಂಟಿಕೊಪ್ಪಲಿನ ಈ ಮನೆಯಲ್ಲಿ ನೆಲ ಒರೆಸುವುದಕ್ಕೊಂದು ಅಳತೆಯಿದೆ: ಗಟ್ಟಿ ಫಿನಾಯಿಲ್ ಒಂದು ಪಾಲು, ನೀರು ಇಪ್ಪತ್ತು. ಹನ್ನೊಂದು ವರ್ಷ ಹಾಗೆ ಬೆರೆಸಿ ಒರೆಸಿದವಳು ನಮ್ಮ ಕೆಲಸದ ರತ್ನಮ್ಮ. ಮೂರು ವರ್ಷದ ಹಿಂದೆ ನಾನು ಜ್ವರದಿಂದ ಎದ್ದ ಮೇಲೆ ನೆಲದ ವಾಸನೆ ದಿನದಿಂದ ದಿನಕ್ಕೆ ಸಪ್ಪಗಾಯಿತು. ಗಟ್ಟಿಯದು ಅವಳ ಮನೆಗೆ ಹೋಗುತ್ತಿದೆ, ಬದಲಿಗೆ ಸೀಸೆಗೆ ನೀರು ಬೀಳುತ್ತಿದೆ ಎಂದು ತೀರ್ಮಾನಿಸಿದೆ. ಸೀಸೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಮಟ್ಟ ಸರಿಯಾಗಿಯೇ ಇಳಿಯುತ್ತಿತ್ತು. ಅದರಿಂದ ಅನುಮಾನ ಇನ್ನೂ ಹೆಚ್ಚಿತು. "ಘಾಟು ಹೊಡೀತಿದೆಯಲ್ಲೇ" ಎಂದ ನಮ್ಮ ಯಜಮಾನರೂ ಅವಳ ಪರವೇ ಎಂದುಕೊಂಡೆ.

ಗೆರೆ ಕಂಡ ರತ್ನಮ್ಮ ಒಂದು ಲೋಟ ನೀರಿಗೆ ಸೀಸೆಯಿಂದ ನಾಲ್ಕು ತೊಟ್ಟು ಫಿನಾಯಿಲ್ ಬಿಟ್ಟಳು. ಕಂದು ಬಣ್ಣದ್ದು ಹಾಲಿನಂತೆ ಬೆಳ್ಳಗಾಯಿತು.

"ನೀರು ಬಿದ್ರೆ ಸೀಸೇಲೇ ಇಂಗೆ ಬೆಳ್ಳಗಾಗ್ಬುಡ್ತದೆ ಕಣಮ್ಮ. ನೀವೇ ನೋಡ್ಕಳಿ."

ಸೀಸೆಯಲ್ಲಿದ್ದದ್ದು ಕಂದಾಗಿಯೇ ಇತ್ತು. ಕಣ್ಣು ಒಪ್ಪಿತು, ನಾನು ಒಪ್ಪಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ಅವಳಿಗೆ ಕೇಳುವಂತೆಯೇ ಅಂದೆ. ಅವಳು ಕೈ ತೊಳೆದು, ಬಕೆಟ್ ಬೋರಲು ಹಾಕಿ ಹೋದಳು. ಮರುದಿನ ಬರಲಿಲ್ಲ. ಅಂದಿನಿಂದ ನಾನೇ ಬೆರೆಸುತ್ತೇನೆ. ವಾಸನೆ ಸಾಲದೆಂದು ಒಂದು ಮುಚ್ಚಳ ಐದಾಯಿತು. ಅಂಗಡಿಯವನೂ ಕಳ್ಳನೆಂದು ಅಂಗಡಿ ಬದಲಿಸಿದೆ.

ಸುಮಿತ್ರಾ ಹೋದ ಮೇಲೆ, ಯಾಕೋ ಏನೋ, ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಇಂಗು ತಿಂದ ಮಂಗನ ಹಾಗೆ ಅಡುಗೆಮನೆಯಲ್ಲಿ ನಿಂತೆ.

ರತ್ನಮ್ಮ ಈಗ ಹಿಂದಿನ ಬೀದಿಯ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹತ್ತು ಗಂಟೆಗೆ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಾಳೆ. ಇವತ್ತು ತಡೆದು ನಿಲ್ಲಿಸಿದೆ.

"ತಪ್ಪಾಯ್ತು ರತ್ನಮ್ಮ. ನೀನೇನೂ ಕದ್ದಿರ್ಲಿಲ್ಲ. ನನ್ನ ಮೂಗೇ ಹೋಗಿದೆ."

"ಅದು ನಂಗೆ ಆಗ್ಲೇ ಗೊತ್ತಿತ್ತು ಕಣಮ್ಮ. ಸೀದೋದ ಹಾಲ್ನೇ ಕಾಫಿಗೆ ಹಾಕ್ತಿದ್ರಲ್ಲ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?"

ನನ್ನ ಉತ್ತರಕ್ಕೆ ಕಾಯದೆ ಹೋದಳು. ಒಳಗೆ ಬಂದು ಬಕೆಟ್ಟಿಗೆ ಇಪ್ಪತ್ತು ಮುಚ್ಚಳ ನೀರು ಎಣಿಸಿ ಹಾಕಿ, ಒಂದು ಮುಚ್ಚಳ ಫಿನಾಯಿಲ್ ಸುರಿದೆ. ನೀರು ಬೆಳ್ಳಗಾಯಿತು. ವಾಸನೆ ಬರಲಿಲ್ಲ. ಎರಡನೆಯ ಮುಚ್ಚಳ ಹಾಕಲಿಲ್ಲ.